ಹಲ್ಲು ಬೆಳ್ಳಗಾದ ಮೇಲೆ ಎರಡು ವಾರ

ಹಲ್ಲು ಬಿಳಿ ಮಾಡಿಸ್ಕೊಂಡ ಮರುದಿನವೇ ಹೋಗಿ, ಮುಂದಿನ ಹಲ್ಲಿನ ಮುರಿದ ಮೂಲೆಗೆ ಫಿಲ್ಲಿಂಗ್ ಹಾಕಿಕೊಡಿ ಅಂದ್ರೆ ಒಳ್ಳೆಯ ದಂತವೈದ್ಯರು ಒಪ್ಪೋದಿಲ್ಲ. ಎರಡು ವಾರ ಬಿಟ್ಟು ಬನ್ನಿ ಅಂತಾರೆ. ತಂಗಿಯ ಮದುವೆಗೆ ಅಂತ ಹತ್ತು ದಿನ ರಜೆ ಹಾಕಿ ಬೆಂಗಳೂರಿನಿಂದ ಕಾಪುವಿಗೋ ಕಾರ್ಕಳಕ್ಕೋ ಬಂದವರಿಗೆ ಇದು ಹಿತವಾದ ಮಾತಲ್ಲ. ಇನ್ನೊಂದು ಸಲ ಫೀಸು ತಗೊಳ್ಳೋಕೆ ಹೀಗಂತಿದ್ದಾರೆ ಅಂತಲೂ ಅನ್ನಿಸಬಹುದು. ಆದರೆ ಆ ಎರಡು ವಾರದ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ. ಒಂದರ ಪರಿಚಯ ಇನ್ನೊಂದಕ್ಕಿಲ್ಲದೆ ಬೆಳೆದ ಎರಡು ವಿದ್ಯೆಗಳು ಕೊನೆಗೆ ಒಂದೇ ಹಲ್ಲಿನ ಮೇಲೆ ಢಿಕ್ಕಿ ಹೊಡೆದ ಕಥೆ ಅದು.

ಹಲ್ಲು ಬೆಳ್ಳಗಿರಬೇಕು ಅನ್ನೋ ಆಸೆ ಕರಾವಳಿಗೆ ಹೊಸದಲ್ಲ. ಮಾವಿನೆಲೆ ಇತ್ತು, ಉಮಿಕರಿ ಮತ್ತು ಉಪ್ಪು ಇತ್ತು. ಘಟ್ಟದ ಮೇಲಿನಿಂದ ನಂಜನಗೂಡು ಹಲ್ಲುಪುಡಿಯೂ ಬಂತು. ಎಲೆ-ಅಡಿಕೆಯ ಕೆಂಪು ತೆಗೆಯೋಕೆ ಇವು ಸಾಕು. ಆದರೆ ಉಜ್ಜಿದರೆ ಹೋಗೋದು ಮೇಲಿನ ಕಲೆ ಮಾತ್ರ. ಉಮಿಕರಿಯಿಂದ ತೀರಾ ಉಜ್ಜಿದರೆ ಎನಾಮೆಲ್ಲೇ ಸವೆದು, ಅದರಡಿಯ ಹಳದಿ ಡೆಂಟಿನ್ ಇನ್ನಷ್ಟು ಕಾಣಿಸುತ್ತೆ. ಒಳಗಿನ ಬಣ್ಣಕ್ಕೆ ಕೈ ಹಾಕೋಕೆ ರಸಾಯನಶಾಸ್ತ್ರವೇ ಬೇಕಾಯಿತು.

ಫ್ರಾನ್ಸಿನ ಥೆನಾರ್ 1818ರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿದ. 1884ರಲ್ಲಿ ಅಮೆರಿಕದ ದಂತವೈದ್ಯ ಹಾರ್ಲನ್ ಅದನ್ನು ಹಲ್ಲು ಬಿಳಿ ಮಾಡೋಕೆ ಬಳಸಿದ. ಎನಾಮೆಲ್ ನೋಡೋಕೆ ಗಾಜಿನ ಹಾಗಿದ್ರೂ ಅದರಲ್ಲಿ ಕಣ್ಣಿಗೆ ಕಾಣದ ಸಂದುಗಳಿವೆ. ಪೆರಾಕ್ಸೈಡ್ ಅದರೊಳಗೆ ಇಳಿದು, ಬಣ್ಣ ಕೊಡೋ ದೊಡ್ಡ ಅಣುಗಳನ್ನು ಒಡೆದು ಬಣ್ಣವಿಲ್ಲದ ಚಿಕ್ಕ ಅಣುಗಳನ್ನಾಗಿ ಮಾಡುತ್ತೆ. ಆದರೆ ತುಂಬಾ ವರ್ಷ ಇದು ಕುರ್ಚಿಯಲ್ಲಿ ಕೂರಿಸಿ, ಪ್ರಬಲ ದ್ರಾವಣ ಹಚ್ಚಿ, ಶಾಖ ಕೊಟ್ಟು ಮಾಡೋ ತಾಪತ್ರಯದ ಕೆಲಸವಾಗಿತ್ತು.

ಮನೆಯಲ್ಲೇ ಮಾಡೋ ವಿಧಾನ ಹುಟ್ಟಿದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಬಿಲ್ ಕ್ಲುಸ್‌ಮಿಯರ್ ಅನ್ನೋ ವೈದ್ಯ ಒಸಡಿನ ತೊಂದರೆಗೆ ಅಂತ 10% ಕಾರ್ಬಮೈಡ್ ಪೆರಾಕ್ಸೈಡ್ ಇರುವ ಔಷಧವನ್ನು ರಾತ್ರಿ ಹಲ್ಲಿನ ಅಚ್ಚಿಗೆ ಹಾಕಿಕೊಂಡು ಮಲಗೋಕೆ ಹೇಳಿದ. ಒಸಡು ಸುಧಾರಿಸಿತು, ಜತೆಗೆ ಹಲ್ಲೂ ಬೆಳ್ಳಗಾಯಿತು! ಹೇವುಡ್ ಮತ್ತು ಹೇಮನ್ 1989ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಅದು ಜಗತ್ತಿಗೆಲ್ಲ ಹಬ್ಬಿತು.

ಇನ್ನು ಅಂಟಿಸುವ ವಿದ್ಯೆ. 1955ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಮೈಕಲ್ ಬ್ಯೂನೊಕೋರ್, ಲೋಹಕ್ಕೆ ಬಣ್ಣ ಹಿಡಿಯಲಿ ಅಂತ ಕಾರ್ಖಾನೆಗಳಲ್ಲಿ ಮೊದಲು ಆಸಿಡ್ ಬಳಸೋದನ್ನು ಗಮನಿಸಿ, ಅದೇ ಉಪಾಯವನ್ನು ಹಲ್ಲಿಗೆ ತಂದ. ಫಾಸ್ಫಾರಿಕ್ ಆಸಿಡ್ ಹಚ್ಚಿ ತೊಳೆದರೆ ಎನಾಮೆಲ್ ಮೇಲೆ ಸೂಕ್ಷ್ಮ ಗುಳಿಗಳಾಗುತ್ತವೆ. ಕಾರ್ಕಳದ ಕಡೆ ಹಳೇ ಮುರಕಲ್ಲಿನ ಗೋಡೆಗೆ ಹೊಸ ಸಾರಣೆ ಮಾಡೋ ಮೇಸ್ತ್ರಿಯನ್ನು ನೆನಪಿಸ್ಕೊಳ್ಳಿ. ನುಣುಪಾದ ಕಡೆ ಮೊದಲು ಉಳಿಯಿಂದ ಕಚ್ಚು ಹೊಡೀತಾನೆ, ಇಲ್ಲದಿದ್ರೆ ಗಾರೆ ನಿಲ್ಲಲ್ಲ. ಹಲ್ಲಿನಲ್ಲೂ ಹಾಗೇ, ತೆಳ್ಳನೆಯ ರೆಸಿನ್ ಆ ಗುಳಿಗಳಿಗೆ ಇಳಿದು ಬೇರಿನ ಹಾಗೆ ಹಿಡ್ಕೊಳ್ಳುತ್ತೆ. ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಅನ್ನೋ ರೆಸಿನ್ ಇವತ್ತಿನ ಹಲ್ಲಿನ ಬಣ್ಣದ ಫಿಲ್ಲಿಂಗ್‌ಗಳಿಗೆ ಅಡಿಪಾಯ.

ಇದೇ ಹೊತ್ತಿಗೆ, 1965ರಲ್ಲಿ, ಮಣಿಪಾಲದಲ್ಲಿ ದಂತವೈದ್ಯ ಕಾಲೇಜು ಶುರುವಾಯಿತು. ಪಿಗ್ಮಿ ಠೇವಣಿಯಿಂದ ಬ್ಯಾಂಕ್ ಬೆಳೆಸಿದ, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಅದೇ ಡಾ. ಟಿ.ಎಂ.ಎ. ಪೈ ಅವರ ಸಾಹಸ. ಬ್ಯೂನೊಕೋರ್‌ನ ವಿಧಾನಕ್ಕೆ ಆಗಲೇ ಹತ್ತು ವರ್ಷವಾಗಿದ್ರೂ ಜಗತ್ತಿನಲ್ಲೆಲ್ಲೂ ಅದು ಇನ್ನೂ ವಾಡಿಕೆಗೆ ಬಂದಿರಲಿಲ್ಲ. ಆ ಕಾಲದ ಮುಖ್ಯ ಫಿಲ್ಲಿಂಗ್ ಅಂದ್ರೆ ಬೆಳ್ಳಿ-ಪಾದರಸದ ಮಿಶ್ರಣ. ಅದು ಹಲ್ಲಿಗೆ ಅಂಟುವುದೇ ಇಲ್ಲ. ಬಾಯಿ ಕಿರಿದು, ತಳ ಅಗಲ ಇರೋ ಹಾಗೆ ಗುಳಿ ಕೊರೆದು ಅದರಲ್ಲಿ ಕೂರಿಸ್ತಾರೆ. ಹಾಗಾಗಿ ಹಲ್ಲು ಬಿಳಿ ಮಾಡಿದರೆ ಅಂಟು ಹಾಳಾಗುತ್ತಾ ಅನ್ನೋ ಪ್ರಶ್ನೆಗೇ ಅಲ್ಲಿ ಜಾಗವಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಬಂದದ್ದು 1988ರಲ್ಲಿ, ಕೆನಡಾದ ಟೊರಾಂಟೊದಿಂದ. ಟಿಟ್ಲಿ, ಟಾರ್ನೆಕ್ ಮತ್ತು ಸಂಗಡಿಗರು ದನದ ಹಲ್ಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ, ಅದರ ಮೇಲೆ ರೆಸಿನ್ ಅಂಟಿಸಿ ಎಳೆದು ನೋಡಿದರು. ಬಿಳಿ ಮಾಡಿದ ಹಲ್ಲಿನ ಹಿಡಿತ ಗಣನೀಯವಾಗಿ ಕಡಿಮೆ. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೆಸಿನ್‌ನ ಬೇರುಗಳು ಗಿಡ್ಡವಾಗಿ, ಚೂರುಚೂರಾಗಿದ್ದವು. ತಮಾಷೆ ನೋಡಿ, ಮನೆಯಲ್ಲೇ ಹಲ್ಲು ಬಿಳಿ ಮಾಡೋ ವಿಧಾನ ಪ್ರಕಟವಾಗೋಕೆ ಒಂದು ವರ್ಷ ಮೊದಲೇ ಎಚ್ಚರಿಕೆ ಬಂದಾಗಿತ್ತು.

ಕಾರಣ ಆಮ್ಲಜನಕ. ರೆಸಿನ್ ಗಟ್ಟಿಯಾಗೋದು ಸರಪಳಿಯಂಥ ಕ್ರಿಯೆಯಿಂದ. ಆಮ್ಲಜನಕ ಸಿಕ್ಕಿದರೆ ಆ ಸರಪಳಿ ನಡುವೆಯೇ ತುಂಡಾಗುತ್ತೆ. ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿದ ಫಿಲ್ಲಿಂಗ್‌ನ ಮೇಲ್ಪದರ ಒಂಚೂರು ಜಿಗುಟಾಗಿರೋದೂ ಗಾಳಿಯ ಆಮ್ಲಜನಕದಿಂದಲೇ. ಅದನ್ನು ಪಾಲಿಶ್ ಮಾಡಿ ತೆಗೀಬಹುದು. ಆದರೆ ಬಿಳಿ ಮಾಡಿದ ಹಲ್ಲಿನಲ್ಲಿ ಆಮ್ಲಜನಕ ಉಳಿಯೋದು ಒಳಗೆ, ಅಂಟು ಹಿಡಿಯಬೇಕಾದ ಜಾಗದಲ್ಲೇ.

ಪರಿಹಾರ ಸರಳ. ಹಲ್ಲು ನೀರಲ್ಲಿದ್ದರೆ ಕಾಲಕ್ರಮೇಣ ಆಮ್ಲಜನಕ ಹೊರಟು ಹೋಗಿ ಹಿಡಿತ ಮರಳುತ್ತೆ ಅಂತ ಟೊರಾಂಟೊದವರೇ ತೋರಿಸಿದರು. ಬಾಯಲ್ಲಿ ಆ ಕೆಲಸವನ್ನು ಜೊಲ್ಲು ಮಾಡುತ್ತೆ. ಕಾಯೋಕೆ ವ್ಯವಧಾನ ಇಲ್ಲದವರಿಗಾಗಿ 2002ರಲ್ಲಿ ಲೈ ಮತ್ತು ಸಂಗಡಿಗರು ಸೋಡಿಯಂ ಆಸ್ಕಾರ್ಬೇಟ್, ಅಂದ್ರೆ ವಿಟಮಿನ್ ಸಿಯ ಲವಣ, ಹಚ್ಚಿದರೆ ಹಿಡಿತ ಕೂಡಲೇ ಮರಳುತ್ತೆ ಅಂತ ಪ್ರಯೋಗಾಲಯದಲ್ಲಿ ತೋರಿಸಿದರು. ದ್ರಾಕ್ಷಿ ಬೀಜದ ಸಾರವನ್ನೂ ಪರೀಕ್ಷಿಸಿದ್ದಾರೆ. ಹಾಗಂತ ಮನೆಯಲ್ಲಿ ಲಿಂಬೆಹಣ್ಣು ಉಜ್ಜೋಕೆ ಹೋಗ್ಬೇಡಿ ಮಾರಾಯ್ರೆ! ಅದರ ಆಮ್ಲ ಎನಾಮೆಲನ್ನು ಕರಗಿಸುತ್ತೆ. ಕ್ಲಿನಿಕ್‌ಗಳಲ್ಲಿ ಈಗಲೂ ನೆಚ್ಚಿಕೊಂಡಿರೋದು ಹೆಚ್ಚಾಗಿ ಕ್ಯಾಲೆಂಡರನ್ನೇ.

ಕಾಯೋಕೆ ಇನ್ನೊಂದು ಕಾರಣವೂ ಇದೆ. ಪೆರಾಕ್ಸೈಡ್ ಹಲ್ಲನ್ನು ಬಿಳಿ ಮಾಡುತ್ತೆ, ಫಿಲ್ಲಿಂಗನ್ನಲ್ಲ. ಬಿಳಿ ಮಾಡಿಸಿದ ಮೇಲೆ ಮೊದಲ ಕೆಲವು ದಿನ ಹಲ್ಲಿನ ಬಣ್ಣ ಸ್ವಲ್ಪ ಹಿಂದೆ ಸರಿದು ಆಮೇಲೆ ನಿಲ್ಲುತ್ತೆ. ಆ ನಿಂತ ಬಣ್ಣಕ್ಕೆ ಫಿಲ್ಲಿಂಗ್ ಹೊಂದಿಸ್ಬೇಕು. ಗದಗ, ಕೊಪ್ಪಳದ ಕಡೆಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರಿಗೂ ಇದೇ ಕ್ರಮ: ಮೊದಲು ಬಿಳುಪು, ನಡುವೆ ಬಿಡುವು, ಆಮೇಲೆ ಅಂಟು.

ಹಾಗಾಗಿ ಶಂಕರಪುರ ಮಲ್ಲಿಗೆಗೆ ಆರ್ಡರ್ ಕೊಡೋಕೆ ಮೊದಲೇ ಹಲ್ಲಿನ ಲೆಕ್ಕ ಹಾಕ್ಕೊಳ್ಳಿ. ಬಿಳಿ ಮಾಡಿಸೋದನ್ನು ಬೆಂಗಳೂರಲ್ಲೇ ಮುಗಿಸಿ, ಎರಡು ವಾರ ಕಳೆದು ಊರಿಗೆ ಬಂದು ಉಡುಪಿಯಲ್ಲೋ ಮಣಿಪಾಲದಲ್ಲೋ ಫಿಲ್ಲಿಂಗ್ ಹಾಕಿಸ್ಕೊಳ್ಳಬಹುದು. ಅಷ್ಟು ದಿನ ಇಲ್ಲ ಅಂದ್ರೆ ಈಗಿರೋ ಬಣ್ಣಕ್ಕೇ ಫಿಲ್ಲಿಂಗ್ ಹಾಕಿಸಿ ಮದುವೆ ಮುಗಿಸಿ. ಮುಂದೆ ಯಾವಾಗಲಾದ್ರೂ ಬಿಳಿ ಮಾಡಿಸಿದರೆ ಆ ಫಿಲ್ಲಿಂಗನ್ನು ಬದಲಾಯಿಸ್ಬೇಕಾಗಬಹುದು. ಅದೂ ಎರಡು ವಾರ ಬಿಟ್ಟು.