ದೋರನಹಳ್ಳಿಯ ಐತಿಹ್ಯ ಮತ್ತು ರಕ್ತಸಾಕ್ಷಿ ಕಥನ

ಕ್ರೈಸ್ತ ಪರಂಪರೆಯಲ್ಲಿ ಸಂತತ್ವದ ಮೊದಲ ರೂಪ ರಕ್ತಸಾಕ್ಷಿಯದು. ರೋಮ್ ಸಾಮ್ರಾಜ್ಯದ ಹಿಂಸೆಯಲ್ಲಿ ಮಡಿದವರ ಸಮಾಧಿಗಳೇ ಆರಾಧನೆಯ ತಾಣಗಳಾದವು, ಮರಣದ ದಿನವೇ ಹಬ್ಬವಾಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯವರಿಗೆ ಈ ಕಲ್ಪನೆ ಅಪರಿಚಿತವೇನಲ್ಲ. ತುರುವಿಗಾಗಿ, ಊರಿಗಾಗಿ ಪ್ರಾಣ ತೆತ್ತವನ ವೀರಗಲ್ಲಿಗೆ ಕೈಮುಗಿಯುವ ರೂಢಿ ಇಲ್ಲಿ ಹಿಂದಿನಿಂದಲೂ ಇದೆ. ಶಾಸನವಿಲ್ಲದ ಕಲ್ಲಾದರೆ ಅದರ ಚಿತ್ರವನ್ನು ನೋಡಿಯೇ ಜನ ಕಥೆ ಹೆಣೆಯುತ್ತಾರೆ.

ಮೈಸೂರು ನಗರದಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಚರ್ಚಿನ ಸಂತೆ ಫಿಲೋಮಿನಾಳ ಚರಿತೆಯೂ ಹೀಗೆ ಹುಟ್ಟಿದ್ದೇ. 1802ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಎಳೆಯ ಹುಡುಗಿಯ ಎಲುಬುಗಳು ದೊರೆತವು. ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಬಿಲ್ಲೆಗಳ ಮೇಲೆ ಒಂದು ಹೆಸರು, ಲಂಗರು, ಬಾಣಗಳು. ಇಷ್ಟರಿಂದಲೇ ಚಕ್ರವರ್ತಿಯನ್ನು ವರಿಸಲೊಪ್ಪದೆ ಮಡಿದ ರಾಜಕುಮಾರಿಯ ಕಥೆ ಬೆಳೆಯಿತು. 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಭಕ್ತರು ಮಾತ್ರ ಆಕೆಯನ್ನು ಬಿಡಲಿಲ್ಲ.

ಕೃಷ್ಣರಾಜನಗರದ ಸಮೀಪದ ದೋರನಹಳ್ಳಿಯ ಸಂತ ಅಂತೋಣಿ ರಕ್ತಸಾಕ್ಷಿಯಲ್ಲ, ಆಗಬೇಕೆಂದು ಹೊರಟವರು. 1220ರಲ್ಲಿ ಮೊರೊಕ್ಕೊದಲ್ಲಿ ಶಿರಚ್ಛೇದಕ್ಕೊಳಗಾದ ಐವರು ಫ್ರಾನ್ಸಿಸ್ಕನ್ನರ ಅವಶೇಷಗಳು ಪೋರ್ಚುಗಲ್ಲಿಗೆ ಬಂದುದು ಅವರ ಬದುಕನ್ನೇ ತಿರುಗಿಸಿತು. ಅದೇ ಸಂಘವನ್ನು ಸೇರಿ ಮೊರೊಕ್ಕೊಗೆ ಹೋದರೂ ಕಾಯಿಲೆ ಹಿಂದಕ್ಕೆ ಕಳುಹಿಸಿತು. 1231ರ ಜೂನ್ 13ರಂದು ಪಾದುವಾದ ಬಳಿ ತೀರಿಕೊಂಡರು.

ದೋರನಹಳ್ಳಿಯ ಐತಿಹ್ಯಕ್ಕೆ ಇದಾವುದೂ ಬೇಕಿಲ್ಲ. ಹೊಲ ಉಳುವ ರೈತನ ನೇಗಿಲಿಗೆ ಮರದ ಪ್ರತಿಮೆಯೊಂದು ತಗಲುತ್ತದೆ. ಗೊಂಬೆಯೆಂದು ಅದನ್ನು ಮಕ್ಕಳ ಕೈಗೆ ಕೊಡುತ್ತಾನೆ. ಕನಸಿನಲ್ಲಿ ಸಂನ್ಯಾಸಿಯೊಬ್ಬ ಬಂದು ಗುಡಿ ಕಟ್ಟೆನ್ನುತ್ತಾನೆ. ರೈತ ಕಿವಿಗೊಡುವುದಿಲ್ಲ, ಮನೆಯಲ್ಲಿ ಸಾವುನೋವುಗಳಾಗುತ್ತವೆ, ಕೊನೆಗೆ ಗುಡಿ ಏಳುತ್ತದೆ. ನೇಗಿಲ ಮೊನೆಗೆ ಸಿಕ್ಕ ದೇವರು, ಕನಸು, ಮುನಿಸು, ಗುಡಿ ಎಂಬ ಈ ಸರಣಿ ಕನ್ನಡ ನಾಡಿನ ಎಷ್ಟೋ ಗ್ರಾಮದೇವತೆಗಳ ಸ್ಥಳಕಥೆಯದೇ. ಗಮನಿಸಬೇಕಾದುದು ನೋವಿನ ಸ್ಥಾನಾಂತರ. ರಕ್ತಸಾಕ್ಷಿ ಕಥನದಲ್ಲಿ ನೋವು ಸಂತನ ಪಾಲಿನದು. ಇಲ್ಲಿ ಸಂತ ನೋಯುವುದಿಲ್ಲ, ನೋಯುವವನು ಒಕ್ಕಲಮಗ. ಆದುದರಿಂದ ಇದನ್ನು ಮತಾಂತರದ ಕಥೆಯೆಂದು ಓದುವುದು ಅವಸರದ ತೀರ್ಮಾನವಾದೀತು: ಸಂತನೇ ಇಲ್ಲಿ ಊರಿನ ದೇವರ ನಡವಳಿಕೆಯನ್ನು ಕಲಿತಿದ್ದಾನೆ.

2019ರಲ್ಲಿ ಪೋಪ್ ಫ್ರಾನ್ಸಿಸರು ಈ ಕ್ಷೇತ್ರಕ್ಕೆ ಬಸಿಲಿಕಾ ಪದವಿಯನ್ನಿತ್ತರು. ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಬರುವವರಲ್ಲಿ ಅನ್ಯಮತೀಯರೂ ಬಹಳ.