ರೂಪದ ಗುರುತು, ಸ್ವರೂಪದ ಗುರುತು

1998ರಲ್ಲಿ ನಾನೊಂದು ಹಳಗನ್ನಡ ಕಾವ್ಯವನ್ನು ಪರಿಷ್ಕರಿಸಿ ಪ್ರಕಟಿಸಿದೆ. ಮೂರು ಓಲೆಪ್ರತಿ, ಒಂದು ಕಾಗದದ ಪ್ರತಿ, ಇವನ್ನು ಎದುರಿಗಿಟ್ಟುಕೊಂಡು ಪಾಠಗಳನ್ನು ಹೋಲಿಸಿ, ಪುಟದ ಅಡಿಯಲ್ಲಿ ಮೂರು ಬಗೆಯ ಟಿಪ್ಪಣಿಗಳನ್ನು ಕೊಟ್ಟಿದ್ದೆ. ಪ್ರತಿಗಳಲ್ಲಿ ದೊರೆತ ಪಾಠಾಂತರ ದಪ್ಪ ಅಕ್ಷರದಲ್ಲಿ. ಹಳೆಯ ಟೀಕಾಕಾರ ಹೇಳಿದ ಅರ್ಥ ಸಣ್ಣ ಅಕ್ಷರದಲ್ಲಿ. ಯಾವ ಪ್ರತಿಯ ಆಧಾರವೂ ಇಲ್ಲದೆ ನಾನೇ ಊಹಿಸಿದ ತಿದ್ದುಪಡಿ ಓರೆ ಅಕ್ಷರದಲ್ಲಿ. ಪುಸ್ತಕ ಚೆಲುವಾಗಿಯೇ ಬಂದಿತು.

2021ರಲ್ಲಿ ಅದರ ಎರಡನೆಯ ಮುದ್ರಣದ ಮಾತು ಬಂದಾಗ, ಕಂಪ್ಯೂಟರಿನಲ್ಲಿದ್ದ ಹಳೆಯ ಕಡತವನ್ನು ಈಗಿನ ಯೂನಿಕೋಡ್ ಲಿಪಿಗೆ ಪರಿವರ್ತಿಸಿದರು. ಒಂದಕ್ಷರವೂ ಕಳೆದಿರಲಿಲ್ಲ. ಆದರೆ ಎಲ್ಲವೂ ಒಂದೇ ಗಾತ್ರದ, ಒಂದೇ ಬಗೆಯ ಅಕ್ಷರವಾಗಿ ಬಂದಿತ್ತು. ಲಿಪಿಕಾರನ ಪಾಠ ಯಾವುದು, ಟೀಕಾಕಾರನ ಮಾತು ಯಾವುದು, ನನ್ನ ಊಹೆ ಯಾವುದು ಎಂಬುದನ್ನು ಹೇಳುವ ಒಂದು ಕುರುಹೂ ಉಳಿದಿರಲಿಲ್ಲ. ಅಚ್ಚಾದ ಪುಸ್ತಕವಿತ್ತಲ್ಲ ಎಂದು ತಾವು ಕೇಳಬಹುದು. ಇತ್ತು. ಅಲ್ಲಿಯೂ ಎಷ್ಟೋ ಕಡೆ ದಪ್ಪ ಅಕ್ಷರ ಯಾವುದು, ಮಸಿ ಹೆಚ್ಚಾಗಿ ದಪ್ಪವಾದದ್ದು ಯಾವುದು ಎಂದು ತಿಳಿಯದೆ ನಾನು ಓಲೆಪ್ರತಿಗಳ ನಕಲಿಗೇ ಮರಳಬೇಕಾಯಿತು. ಏಳು ತಿಂಗಳು ಹಿಡಿಯಿತು.

ಆ ದಿನಗಳಲ್ಲಿ ಮನೆಗೆ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕಂಪ್ಯೂಟರ್ ವೃತ್ತಿಯವನು, ಕಡತವನ್ನು ನೋಡಿ ನಕ್ಕ. "ಮೇಷ್ಟ್ರೇ, ಅಕ್ಷರ ದಪ್ಪ ಇರಬೇಕು ಅಂತ ಹೇಳಿದ್ದೀರಿ. ಯಾಕೆ ದಪ್ಪ ಅಂತ ಎಲ್ಲೂ ಹೇಳಿಲ್ಲವಲ್ಲ!" ಎಂದ. ಆ ಒಂದು ಮಾತಿನ ಬೆನ್ನುಹತ್ತಿ ನಾನು ಓದಿ ತಿಳಿದ ಚರಿತ್ರೆಯನ್ನೇ ಇಂದು ತಮ್ಮ ಮುಂದಿಡುತ್ತಿದ್ದೇನೆ.

ಅಚ್ಚುಕೂಟದ ಕಾಲದಲ್ಲಿ ಸಂಪಾದಕನು ಹಸ್ತಪ್ರತಿಯ ಅಂಚಿನಲ್ಲಿ, ಇದು ದಪ್ಪ ಮೊಳೆಯಲ್ಲಿ ಬರಲಿ, ಇಲ್ಲಿ ಒಂದು ಸಾಲು ಬಿಡಿ ಎಂದು ಮೊಳೆ ಜೋಡಿಸುವವನಿಗೆ ಸೂಚನೆ ಬರೆಯುತ್ತಿದ್ದನು. ಇಂಗ್ಲಿಷಿನಲ್ಲಿ ಇದಕ್ಕೆ ಮಾರ್ಕಪ್ ಎಂದು ಹೆಸರು, ಎಂದರೆ ಗುರುತು ಹಾಕುವುದು. ಮೊಳೆ ಜೋಡಿಸುವವನ ಸ್ಥಾನಕ್ಕೆ ಕಂಪ್ಯೂಟರು ಬಂದಾಗ ಸೂಚನೆಗಳು ಅಂಚಿನಿಂದ ಪಠ್ಯದ ನಡುವಿಗೇ ಬಂದವು. ಇದು ಪಠ್ಯವಲ್ಲ, ಸೂಚನೆ ಎಂದು ಯಂತ್ರಕ್ಕೆ ತಿಳಿಯುವಂತೆ ಅವುಗಳಿಗೊಂದು ವ್ಯಾಕರಣ ಬೇಕಾಯಿತು. ಹೀಗೆ ಹುಟ್ಟಿದವು ಗುರುತುಭಾಷೆಗಳು.

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಜೆರೋಮ್ ಸಾಲ್ಟ್ಜರ್ ಎಂಬುವರು 1964ರಲ್ಲಿ ರಚಿಸಿದ ರನಾಫ್ ಈ ವಂಶದ ಹಿರಿಯರಲ್ಲೊಂದು. ಸಾಲಿನ ಮೊದಲಿಗೆ ಒಂದು ಚುಕ್ಕಿಯಿಟ್ಟರೆ ಆ ಸಾಲು ಪಠ್ಯವಲ್ಲ, ಆಜ್ಞೆ ಎಂದರ್ಥ. ಮಧ್ಯದಲ್ಲಿಡು, ಜಾಗ ಬಿಡು, ಹೊಸ ಪುಟ ತೆಗೆ ಎಂಬಂಥ ಆಜ್ಞೆಗಳು. 1970ರ ದಶಕದ ಮೊದಲಲ್ಲಿ ಬೆಲ್ ಪ್ರಯೋಗಾಲಯದ ಜೋ ಒಸ್ಸಾನ ಅವರು ಫೋಟೊ ಅಚ್ಚುಜೋಡಣೆಯ ಯಂತ್ರಕ್ಕಾಗಿ ಇದೇ ದಾರಿಯಲ್ಲಿ ಟ್ರಾಫ್ ಎಂಬುದನ್ನು ರಚಿಸಿದರು. ಇವೆಲ್ಲ ಮೂಲತಃ ರೂಪದ ಗುರುತುಗಳು. ಯಂತ್ರವು ಏನು ಮಾಡಬೇಕೆಂದು ಹೇಳುತ್ತವೆ, ಏತಕ್ಕೆಂದು ಹೇಳುವುದಿಲ್ಲ. ನನ್ನ 1998ರ ಟಿಪ್ಪಣಿಗಳೂ ಈ ಜಾತಿಯವೇ.

ಇನ್ನೊಂದು ದಾರಿ ಕಾನೂನು ಕಚೇರಿಯ ಕಾಗದಪತ್ರಗಳಿಂದ ತೆರೆಯಿತು. ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ವಕೀಲರ ಕಚೇರಿಗಳ ಬಳಕೆಗೆ ಒಂದು ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಗೋಲ್ಡ್‌ಫಾರ್ಬ್ ಅವರು ಸ್ವತಃ ಕಾನೂನು ಓದಿದವರು. ಒಂದೇ ದಾಖಲೆಯನ್ನು ತಿದ್ದಬೇಕು, ಅದರಲ್ಲಿ ಹುಡುಕಬೇಕು, ಅದನ್ನು ಅಚ್ಚು ಹಾಕಬೇಕು. ಅಚ್ಚಿನ ಆಜ್ಞೆಗಳಿಂದ ಹುಡುಕುವವನಿಗೇನು ಪ್ರಯೋಜನ? ಆದ್ದರಿಂದ ಅವರು, ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಉದ್ಧೃತಿ ಎಂದು ಭಾಗಗಳ ಹೆಸರನ್ನಷ್ಟೇ ಗುರುತಿಸಿ, ಶೀರ್ಷಿಕೆ ಹೇಗೆ ಕಾಣಬೇಕೆಂಬುದನ್ನು ಬೇರೆಡೆಯಲ್ಲಿ ಹೇಳುವ ಕ್ರಮವನ್ನು 1969ರಲ್ಲಿ ರೂಪಿಸಿದರು. ಅದೇ ಜಿಎಂಎಲ್, ಮೂವರ ಮನೆತನದ ಹೆಸರುಗಳ ಮೊದಲಕ್ಷರಗಳೂ ಅವೇ.

ಎರಡು ದಾರಿಗಳ ಅಂತರವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಇಂಗ್ಲಿಷ್ ಅಚ್ಚಿನಲ್ಲಿ ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ ಬರುತ್ತದೆ. ಒತ್ತಿ ಹೇಳಿದ ಮಾತೂ, ಪರಭಾಷೆಯ ಪದವೂ ಹಾಗೆಯೇ. ಮನುಷ್ಯನ ಕಣ್ಣು ಸಂದರ್ಭದಿಂದ ಭೇದವನ್ನು ಗ್ರಹಿಸುತ್ತದೆ; ಯಂತ್ರಕ್ಕೆ ಮೂರೂ ಒಂದೇ. ನಮ್ಮ ಮೊಳೆ ಅಚ್ಚಿನಲ್ಲಿಯಾದರೋ ಓರೆ ಅಕ್ಷರ ವಿರಳ. ಪುಸ್ತಕದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುವ ರೂಢಿ ನಮ್ಮದು. 'ಓರೆಯಾಗಿಸು' ಎಂಬ ಆಜ್ಞೆ ನಮ್ಮ ಲಿಪಿಗೆ ಬಂದೊಡನೆ ಅರ್ಥ ಕಳೆದುಕೊಳ್ಳುತ್ತದೆ. 'ಇದು ಪುಸ್ತಕದ ಹೆಸರು' ಎಂಬ ಗುರುತು ಯಾವ ಲಿಪಿಗೆ ಹೋದರೂ ಬದುಕಿಕೊಳ್ಳುತ್ತದೆ.

ಹಾಗೆಂದು ರೂಪವನ್ನು ಹಗುರವಾಗಿ ಕಾಣಬಾರದು. ಗಣಿತ ಮತ್ತು ಕಂಪ್ಯೂಟರ್ ವಿದ್ವಾಂಸರಾದ ಡೊನಾಲ್ಡ್ ನೂತ್ ಅವರಿಗೆ 1977ರಲ್ಲಿ ತಮ್ಮ ಉದ್ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚುಗಳು ಬಂದವು. ಹಿಂದಿನದು ಸೀಸದ ಮೊಳೆಯ ಅಚ್ಚು, ಇದು ಫೋಟೊ ಅಚ್ಚು. ಆ ಕಳಪೆ ರೂಪವನ್ನು ಅವರು ಸಹಿಸಲಾರದೆ ಹೋದರು. ಅಲ್ಪಕಾಲದಲ್ಲಿ ಮುಗಿದೀತೆಂದು ಭಾವಿಸಿ ತಾವೇ ಒಂದು ಅಚ್ಚುಜೋಡಣೆಯ ಭಾಷೆಯನ್ನು ಕಟ್ಟತೊಡಗಿದರು. ಅದು ನೆಲೆಗೊಳ್ಳಲು ಹನ್ನೆರಡು ವರ್ಷಗಳೇ ಬೇಕಾದವು. ಅದರ ಹೆಸರು ಟೆಕ್. ಕಲೆ, ಕೌಶಲ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ದೋಷ ತೋರಿಸಿಕೊಟ್ಟವರಿಗೆ ಅವರು 2 ಡಾಲರು 56 ಸೆಂಟುಗಳ ಬಹುಮಾನವನ್ನು ಕೊಟ್ಟರು. ಟೆಕ್‌ನ ಆವೃತ್ತಿಯ ಸಂಖ್ಯೆ ಗಣಿತದ ಪೈ ಎಂಬ ಸಂಖ್ಯೆಯ ಕಡೆಗೆ ಒಂದೊಂದೇ ಅಂಕಿಯಾಗಿ ಸರಿಯುತ್ತ ಬಂದಿದೆ. ಗಣಿತದ ಪುಟ ಇಷ್ಟು ಸುಂದರವಾಗಿ ಬರುವುದು ಇಂದಿಗೂ ಈ ಭಾಷೆಯಿಂದಲೇ. ಮುಂದೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಇದರ ಮೇಲೆ ಲೇಟೆಕ್ ಎಂಬ ಮಹಡಿಯನ್ನು ಕಟ್ಟಿ, ಅಧ್ಯಾಯ, ಉಪಶೀರ್ಷಿಕೆ, ಅಡಿಟಿಪ್ಪಣಿ ಎಂಬ ಹೆಸರುಗಳನ್ನು ಲೇಖಕನ ಕೈಗಿತ್ತರು. ರೂಪದ ಮನೆಯೊಳಗೆ ಸ್ವರೂಪಕ್ಕೂ ಒಂದು ಕೋಣೆ ದೊರೆಯಿತು.

ಇತ್ತ ಜಿಎಂಎಲ್ ಬೆಳೆದು, 1986ರಲ್ಲಿ ಎಸ್‌ಜಿಎಂಎಲ್ ಎಂಬ ಹೆಸರಿನಿಂದ ಅಂತರರಾಷ್ಟ್ರೀಯ ಮಾನಕವಾಯಿತು. ಅದು ಒಂದು ಭಾಷೆಯೆನ್ನುವುದಕ್ಕಿಂತ ಭಾಷೆಗಳನ್ನು ರಚಿಸುವುದಕ್ಕೊಂದು ವ್ಯಾಕರಣ. ಈ ಮನೋಧರ್ಮದ ಬೆಲೆಯನ್ನು ಸಾಹಿತ್ಯದವರಿಗೆ ಮೊದಲು ತೋರಿಸಿಕೊಟ್ಟದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. 1984ರಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಲು ತೊಡಗಿದಾಗ ನೂರಕ್ಕೂ ಹೆಚ್ಚು ಮಂದಿ ಬೆರಳಚ್ಚುಗಾರರು ಕುಳಿತು ಅಕ್ಷರಗಳ ಜತೆಗೆ ಗುರುತುಗಳನ್ನೂ ಒತ್ತಿದರು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯವು ಕೈಜೋಡಿಸಿತು. ಇದು ಶಬ್ದ, ಇದು ವ್ಯುತ್ಪತ್ತಿ, ಇದು ಪ್ರಯೋಗ, ಇದು ಪ್ರಯೋಗದ ವರ್ಷ ಎಂದು ಎಲ್ಲಕ್ಕೂ ಹೆಸರಾಯಿತು. 1989ರಲ್ಲಿ ಇಪ್ಪತ್ತು ಸಂಪುಟಗಳ ಎರಡನೆಯ ಆವೃತ್ತಿ ಬಂದದ್ದಷ್ಟೇ ಅಲ್ಲ. ಒಬ್ಬ ಕವಿಯಿಂದ ಎತ್ತಿಕೊಂಡ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೆಗೆಯುವುದೂ ಸಾಧ್ಯವಾಯಿತು.

ಎಲ್ಲರ ಮನೆಗೂ ಬಂದ ಗುರುತುಭಾಷೆ ಎಚ್‌ಟಿಎಂಎಲ್. ಜಿನೀವಾದ ಸರ್ನ್ ಸಂಶೋಧನಾಲಯದ ಟಿಮ್ ಬರ್ನರ್ಸ್-ಲೀ ಅವರು 1991ರ ಹೊತ್ತಿಗೆ ಎಸ್‌ಜಿಎಂಎಲ್ ಮಾದರಿಯಲ್ಲಿ ರಚಿಸಿದ್ದು. ಆರಂಭದಲ್ಲಿ ಅದು ಬಹುಮಟ್ಟಿಗೆ ಸ್ವರೂಪವನ್ನೇ ಹೇಳುತ್ತಿತ್ತು. ಆದರೆ ಜನಪ್ರಿಯತೆ ಏರಿದಂತೆ ಅಲಂಕಾರದ ಆಸೆಯೂ ಏರಿತು; ಅಕ್ಷರದ ಬಣ್ಣ, ಗಾತ್ರಗಳ ಆಜ್ಞೆಗಳು ಪಠ್ಯದೊಳಗೇ ನುಗ್ಗಿದವು. ಈ ಗೊಂದಲವನ್ನು ತಿದ್ದಲು 1996ರ ಕೊನೆಗೆ ಸಿಎಸ್‌ಎಸ್ ಎಂಬ ಅಲಂಕಾರದ ಪ್ರತ್ಯೇಕ ಪಟ್ಟಿ ಮಾನಕವಾಗಿ ಬಂದಿತು. ರೂಪ ಒಂದೆಡೆ, ಸ್ವರೂಪ ಒಂದೆಡೆ ಎಂಬ ಹಳೆಯ ಪಾಠವನ್ನು ಲೋಕ ಮತ್ತೊಮ್ಮೆ ಕಲಿಯಬೇಕಾಯಿತು. 1998ರ ಫೆಬ್ರವರಿಯಲ್ಲಿ ಎಸ್‌ಜಿಎಂಎಲ್‌ನ ಸರಳ ರೂಪವಾದ ಎಕ್ಸ್‌ಎಂಎಲ್ ಪ್ರಕಟವಾಯಿತು. ನನ್ನ ಕಾವ್ಯ ಅಚ್ಚಾದದ್ದೂ ಅದೇ ವರ್ಷ ಎಂಬುದನ್ನು ನೆನೆದು ನಾನು ಎಷ್ಟೋ ಸಲ ನಿಟ್ಟುಸಿರುಬಿಟ್ಟಿದ್ದೇನೆ.

ಗ್ರಂಥಸಂಪಾದಕರಿಗಾಗಿಯೇ ಹುಟ್ಟಿದ ಭಾಷೆಯೊಂದಿದೆ. 1987ರ ನವೆಂಬರಿನಲ್ಲಿ ಅಮೆರಿಕದ ವ್ಯಾಸರ್ ಕಾಲೇಜಿನಲ್ಲಿ ವಿದ್ವಾಂಸರು ಸೇರಿ ಆರಂಭಿಸಿದ ಯತ್ನದ ಫಲ ಅದು. ಟಿಇಐ ಎಂದು ಅದರ ಹೆಸರು. ಪದ್ಯದ ಸಾಲು, ನಾಟಕದ ಪಾತ್ರದ ಮಾತು, ಪಾಠಾಂತರ, ಅದು ದೊರೆತ ಪ್ರತಿ, ಸಂಪಾದಕನ ತಿದ್ದುಪಡಿ, ಓದಲಾಗದ ಜಾಗ, ಇವೆಲ್ಲಕ್ಕೂ ಅಲ್ಲಿ ಬೇರೆ ಬೇರೆ ಗುರುತುಗಳಿವೆ.

ಆದರೆ ಇಲ್ಲಿಯೂ ತೊಡಕಿಲ್ಲದಿಲ್ಲ. ಈ ವಂಶದ ಭಾಷೆಗಳು ಪಠ್ಯವನ್ನು ಒಂದರೊಳಗೊಂದಿಟ್ಟ ಡಬ್ಬಿಗಳಂತೆ ಕಾಣುತ್ತವೆ. ಕಾವ್ಯ ಅಷ್ಟು ವಿಧೇಯವೆ? ನಮ್ಮ ಚಂಪೂಕಾವ್ಯಗಳಲ್ಲಿ ಪದ್ಯದಲ್ಲಿ ಆರಂಭವಾದ ವಾಕ್ಯ ಮುಂದಿನ ಗದ್ಯದಲ್ಲಿ ಮುಗಿಯುವುದುಂಟು. ಓಲೆಯ ಅಂಚು ಶಬ್ದದ ನಡುವೆಯೇ ಬಂದುಬಿಡುವುದುಂಟು. ಆಗ ಓಲೆ ಮುಗಿದದ್ದನ್ನು ಡಬ್ಬಿಯಾಗಿ ಅಲ್ಲ, ದಾರಿಬದಿಯ ಮೈಲಿಗಲ್ಲಿನಂತೆ ಗುರುತಿಸಬೇಕಾಗುತ್ತದೆ. ಮೇಲಾಗಿ ಈ ಗುರುತುಗಳು ಸಾಲುಸಾಲಿಗೂ ಮುತ್ತಿಕೊಂಡು ಕಾವ್ಯವನ್ನೇ ಮರೆಮಾಡುತ್ತವೆ. 2004ರಲ್ಲಿ ಜಾನ್ ಗ್ರೂಬರ್ ಅವರು ಮಾರ್ಕ್‌ಡೌನ್ ಎಂಬ ಹಗುರ ಭಾಷೆಯನ್ನು ತಂದದ್ದು ಈ ಭಾರದಿಂದ ಬಿಡುಗಡೆ ಬಯಸಿ. ಒಂದು ನಕ್ಷತ್ರಚಿಹ್ನೆ, ಒಂದು ಅಡ್ಡಗೆರೆ, ಇಷ್ಟರಲ್ಲೇ ಕೆಲಸ; ಗುರುತುಗಳಿದ್ದರೂ ಬರಹವನ್ನು ಹಾಗೆಯೇ ಓದಬಹುದು. ದಿನದ ಬರವಣಿಗೆಗೆ ಅದು ಸಾಕು. ಪಾಠಾಂತರಗಳ ಹೊರೆಯನ್ನು ಅದು ಹೊರಲಾರದು.

ಇಷ್ಟನ್ನೆಲ್ಲ ತಿಳಿದ ಮೇಲೆ ನಾನು ನಮ್ಮ ಹಳೆಯ ಮುದ್ರಿತ ಕಾವ್ಯಗಳನ್ನು ಮತ್ತೆ ತೆರೆದು ನೋಡಿದೆ. ಪದ್ಯದ ತಲೆಯಲ್ಲಿ ಕಂ॥ ಎಂದಿದೆ, ಇದು ಕಂದ. ಚಂ॥ ಎಂದಿದೆ; ಇದು ಚಂಪಕಮಾಲೆ. ವ॥ ಎಂದಿದೆ, ಇದು ವಚನ. ಕೇಶಿರಾಜನ ವ್ಯಾಕರಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ವಿಭಾಗ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ತದ್ಭವಕ್ಕೊಂದು ಸಂಕೇತ, ಆಕರಗ್ರಂಥಕ್ಕೊಂದು ಸಂಕೇತ. ಇವಾವುವೂ ಅಕ್ಷರ ಎಷ್ಟು ದಪ್ಪವಿರಬೇಕೆಂದು ಹೇಳುವುದಿಲ್ಲ. ಇದು ಏನು ಎಂದು ಹೇಳುತ್ತವೆ. ಆದ್ದರಿಂದಲೇ ಮೊಳೆ ಬದಲಾದರೂ, ಅಚ್ಚುಕೂಟ ಬದಲಾದರೂ, ಕಡೆಗೆ ಕಂಪ್ಯೂಟರೇ ಬಂದರೂ ಕಂದವು ಕಂದವಾಗಿಯೇ ಉಳಿದಿದೆ. ನನ್ನ ಕಡತದಲ್ಲಿಯೂ ಅಷ್ಟೆ: ಟಿಪ್ಪಣಿಗಳೆಲ್ಲ ಕಲಸಿಹೋದರೂ ಪದ್ಯಗಳ ತಲೆಯ ಕಂ॥, ವ॥ ಗುರುತುಗಳು ಒಂದೂ ಅಲುಗಿರಲಿಲ್ಲ. ಹಿರಿಯರು ಕಲಿಸಿಕೊಟ್ಟ ಕ್ರಮವನ್ನು ಮೇಲೆ ಪಾಲಿಸಿ, ಪುಟದ ಅಡಿಯಲ್ಲಿ ನಾನೇ ಮರೆತಿದ್ದೆ.

ಎರಡನೆಯ ಮುದ್ರಣದ ಕಡತದಲ್ಲಿ ಈಗ ಪ್ರತಿಯೊಂದು ಪಾಠಾಂತರದ ಮೇಲೂ ಅದರ ಪ್ರತಿಯ ಹೆಸರಿದೆ. ಟೀಕಾಕಾರನ ಮಾತಿನ ಮೇಲೆ ಟೀಕೆ ಎಂಬ ಗುರುತಿದೆ. ನನ್ನ ಊಹೆಯ ಮೇಲೆ ಊಹೆ ಎಂದೇ ಇದೆ. ಗ್ರಂಥಸಂಪಾದಕನ ಮೊದಲ ಕರ್ತವ್ಯ ತನ್ನ ದನಿಯನ್ನು ಕವಿಯ ದನಿಯಿಂದ ಬೇರೆಯಾಗಿಡುವುದು. ಅಕ್ಷರದ ದಪ್ಪವನ್ನು ನಂಬಿ ನಾನು ಆ ಕರ್ತವ್ಯವನ್ನು ಯಂತ್ರದ ಮೇಲೆ ಹೊರಿಸಿದ್ದೆ. ಮುಂದೆ ಈ ಕಡತವನ್ನು ತೆರೆಯುವ ತರುಣನೊಬ್ಬ ನನ್ನ ಊಹೆಗಳೆಲ್ಲ ತಪ್ಪೆಂದು ತೀರ್ಮಾನಿಸಬಹುದು. ತೀರ್ಮಾನಿಸಲಿ. ಅವನ್ನು ಒಂದೂ ಬಿಡದೆ ಹುಡುಕಿ ತೆಗೆಯುವುದು ಅವನಿಗೆ ಒಂದು ನಿಮಿಷದ ಕೆಲಸ. ಕವಿಯ ಒಂದಕ್ಷರಕ್ಕೂ ಅದರಿಂದ ನೋವಾಗುವುದಿಲ್ಲ.