ಮಣ್ಣೆತ್ತಿನ ಅಮಾವಾಸ್ಯೆ

ಮಣ್ಣೆತ್ತಿನ ಅಮಾವಾಸ್ಯೆ ಉತ್ತರ ಕರ್ನಾಟಕದ ಒಕ್ಕಲುತನದ ಹಬ್ಬಗಳಲ್ಲಿ ಒಂದು. ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು, ಎಂದರೆ ಸಾಮಾನ್ಯವಾಗಿ ಜೂನ್–ಜುಲೈ ತಿಂಗಳುಗಳಲ್ಲಿ, ಹಸಿ ಮಣ್ಣಿನಿಂದ ಜೋಡೆತ್ತುಗಳನ್ನು ಮಾಡಿ ಪೂಜಿಸುವುದು ಇದರ ಮುಖ್ಯ ಆಚರಣೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳನ್ನು ಒಳಗೊಂಡ ಎರೆಭೂಮಿಯ ಪ್ರದೇಶದಲ್ಲಿ ಇದು ಮುಂಗಾರು ಬಿತ್ತನೆಯ ಕಾಲದೊಂದಿಗೆ ಕೂಡಿಬರುತ್ತದೆ. ಮಣ್ಣು, ಮಳೆ ಮತ್ತು ದನಕರುಗಳೊಂದಿಗೆ ಮನುಷ್ಯನಿಗಿರುವ ಸಂಬಂಧವನ್ನು ಕೈಕೆಲಸದ ಮೂಲಕ ಪ್ರತಿವರ್ಷ ನವೀಕರಿಸುವ ಜನಪದ ಕಲೆಯಾಗಿಯೂ ಈ ಹಬ್ಬವನ್ನು ಪರಿಗಣಿಸಬಹುದು.

ಹೆಸರು ಮತ್ತು ಕಾಲ

ಮಣ್ಣೆತ್ತು ಎಂದರೆ ಮಣ್ಣಿನ ಎತ್ತು. ಈ ಅಮಾವಾಸ್ಯೆಗೆ ಹದಿನೈದು ದಿನ ಮೊದಲು ಬರುವ ಕಾರಹುಣ್ಣಿಮೆಯಂದು ಜೀವಂತ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸಿ ಕರಿ ಹರಿಯುವ ಪದ್ಧತಿಯಿದೆ. ಕಾರಹುಣ್ಣಿಮೆಯಲ್ಲಿ ಎತ್ತಿಗೇ ಸಲ್ಲುವ ಗೌರವ, ಅಮಾವಾಸ್ಯೆಯಲ್ಲಿ ಅದರ ಮಣ್ಣಿನ ರೂಪಕ್ಕೆ ಸಲ್ಲುತ್ತದೆ. ಆದ್ದರಿಂದ ಎತ್ತು ಇಲ್ಲದ ಮನೆಯವರೂ ಈ ಪೂಜೆಯಲ್ಲಿ ಪಾಲ್ಗೊಳ್ಳುತ್ತಾರೆ.

ಮಣ್ಣು ಮತ್ತು ತಯಾರಿಕೆ

ಕೆರೆ, ಹಳ್ಳ ಅಥವಾ ಹೊಲದ ಜಿಗುಟು ಮಣ್ಣನ್ನು ತಂದು, ಕಲ್ಲು ಕಸ ತೆಗೆದು, ನೀರು ಹಾಕಿ ನೆನೆಸಿ, ಚೆನ್ನಾಗಿ ನಾದುವುದು ಮೊದಲ ಹಂತ. ಎರೆಮಣ್ಣು ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯ ಹೊಲದಲ್ಲಿ ಬಾಯಿಬಿಡುವ ಬಿರುಕುಗಳಿಗೂ ಬಿಸಿಲಿಗಿಟ್ಟ ಮಣ್ಣೆತ್ತಿನ ಕಾಲು ಸೀಳುವುದಕ್ಕೂ ಕಾರಣ ಒಂದೇ. ಹೀಗಾಗಿ ಮಣ್ಣನ್ನು ಹದವಾಗಿ ನಾದುವುದು ಮತ್ತು ನೆರಳಿನಲ್ಲಿ ನಿಧಾನವಾಗಿ ಒಣಗಿಸುವುದು ಮುಖ್ಯವಾಗುತ್ತದೆ. ಮೂರ್ತಿಯನ್ನು ಸುಡುವುದಿಲ್ಲ, ಸುಟ್ಟ ಮಣ್ಣು ನೀರಿನಲ್ಲಿ ಕರಗದು.

ಮೊದಲು ಮುದ್ದೆಯನ್ನು ಎತ್ತಿನ ಮೈಯಾಗಿ ತಿದ್ದಿ, ಬಳಿಕ ಕಾಲು, ಹಿಣಿಲು, ಕೋಡು, ಬಾಲಗಳನ್ನು ಕೂಡಿಸುತ್ತಾರೆ. ಕಣ್ಣಿಗೆ ಜೋಳದ ಕಾಳು, ಕುಸುಬೆ ಅಥವಾ ಗುಲಗಂಜಿಯನ್ನು ಒತ್ತುವುದುಂಟು. ಎತ್ತುಗಳ ಮುಂದೆ ಮೇವು ಹಾಕುವ ಗೋದಲಿಯನ್ನೂ ಮಣ್ಣಿನಿಂದಲೇ ಮಾಡಿ ಇಡುತ್ತಾರೆ. ಕೆಲವು ಊರುಗಳಲ್ಲಿ ಕುಂಬಾರರು ಎತ್ತುಗಳನ್ನು ಮಾಡಿ ಮನೆಮನೆಗೆ ಕೊಟ್ಟು ಪ್ರತಿಯಾಗಿ ಕಾಳುಕಡಿ ಪಡೆಯುತ್ತಿದ್ದರು. ಉಳಿದೆಡೆ ಮನೆಯ ಹಿರಿಯರು ಮತ್ತು ಮಕ್ಕಳು ತಾವೇ ಮಾಡುತ್ತಾರೆ.

ಪೂಜೆ ಮತ್ತು ವಿಸರ್ಜನೆ

ಎತ್ತುಗಳನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ, ಕುಂಕುಮ, ಹೂಗಳಿಂದ ಪೂಜಿಸಿ, ಕಡುಬು ಅಥವಾ ಹೋಳಿಗೆಯ ಎಡೆ ಹಿಡಿಯುತ್ತಾರೆ. ಮಳೆ ಬೆಳೆ ಚೆನ್ನಾಗಿ ಆಗಲಿ, ದನಕರುಗಳಿಗೆ ರೋಗ ಬಾರದಿರಲಿ ಎಂಬುದು ಹರಕೆಯ ತಿರುಳು. ಮರುದಿನ ಮಕ್ಕಳು ಕಾಲು ಮುರಿದ ಒಂದು ಮಣ್ಣೆತ್ತನ್ನು ಹಿಡಿದು, ಎತ್ತು ಕುಂಟಾಗಿದೆ ಎಂದು ಹಾಡುತ್ತಾ ಮನೆಮನೆಗೆ ಹೋಗಿ ಜೋಳ, ದುಡ್ಡು ಬೇಡುವ ರೂಢಿ ಹಲವು ಊರುಗಳಲ್ಲಿದೆ. ಬಂದ ಕಾಳಿನಿಂದ ಅಡುಗೆ ಮಾಡಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಕೊನೆಗೆ ಮೂರ್ತಿಯನ್ನು ಕೆರೆ, ಬಾವಿ ಅಥವಾ ಹಳ್ಳದ ನೀರಿಗೆ ಬಿಡುತ್ತಾರೆ. ಆಚರಣೆಯ ವಿವರಗಳು ಊರಿಂದ ಊರಿಗೆ ಬದಲಾಗುತ್ತವೆ.

ಐದು ಮಣ್ಣಿನ ಪೂಜೆಗಳು

ಮಣ್ಣೆತ್ತು ಒಂದು ಸರಣಿಯ ಮೊದಲ ಪೂಜೆ. ಮಳೆಗಾಲದುದ್ದಕ್ಕೂ ನಡೆಯುವ ಐದು ಪೂಜೆಗಳನ್ನು ಉತ್ತರ ಕರ್ನಾಟಕದಲ್ಲಿ ಒಟ್ಟಾಗಿ ಹೇಳುವುದುಂಟು.

1. ಮಣ್ಣೆತ್ತು: ಜ್ಯೇಷ್ಠ ಅಮಾವಾಸ್ಯೆ.
2. ಗುಳ್ಳವ್ವ: ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಹೂವು ಗುಲಗಂಜಿಗಳಿಂದ ಸಿಂಗರಿಸುತ್ತಾರೆ.
3. ನಾಗಪ್ಪ: ಶ್ರಾವಣದ ನಾಗರ ಪಂಚಮಿಗೆ ಮಣ್ಣಿನ, ಹೆಚ್ಚಾಗಿ ಹುತ್ತದ ಮಣ್ಣಿನ, ನಾಗನಿಗೆ ಹಾಲೆರೆಯುತ್ತಾರೆ. ಗೆದ್ದಲುಗಳು ನುಣುಪಾದ ಕಣಗಳನ್ನು ಜೊಲ್ಲಿನಿಂದ ಅಂಟಿಸಿ ಹುತ್ತ ಕಟ್ಟುವುದರಿಂದ ಆ ಮಣ್ಣು ಮೂರ್ತಿಗೆ ಒಗ್ಗುತ್ತದೆ.
4. ಗಣಪತಿ: ಭಾದ್ರಪದ ಶುದ್ಧ ಚೌತಿ.
5. ಜೋಕುಮಾರ: ಭಾದ್ರಪದ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ದಿನಗಳಲ್ಲಿ, ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿಟ್ಟ ಮಣ್ಣಿನ ಜೋಕುಮಾರನನ್ನು ಮಹಿಳೆಯರು ಮನೆಮನೆಗೆ ಹೊತ್ತೊಯ್ದು ಹಾಡುತ್ತಾರೆ. ಆತನನ್ನು ಮಳೆ ತರುವ ದೈವವೆಂದು ನಂಬಲಾಗುತ್ತದೆ.

ಬಿತ್ತನೆಯಿಂದ ಬೆಳೆ ತೆನೆಗಟ್ಟುವವರೆಗಿನ ಕಾಲವನ್ನು ಈ ಪೂಜೆಗಳು ವ್ಯಾಪಿಸಿವೆ. ದುಡಿಯುವ ಎತ್ತು, ಹುತ್ತದ ಹಾವು, ಬೀಳಬೇಕಾದ ಮಳೆ ಇವೆಲ್ಲವೂ ಒಂದೇ ಮಣ್ಣಿನಿಂದ ರೂಪ ಪಡೆದು ಅದೇ ಮಣ್ಣಿಗೆ ಮರಳುತ್ತವೆ.

ಪ್ರದೇಶದ ಪ್ರಾಚೀನ ಗೋವು ಚಿತ್ರಗಳು

ಎತ್ತಿನ ರೂಪವನ್ನು ಕಲೆಯಲ್ಲಿ ಮೂಡಿಸುವುದು ಈ ಸೀಮೆಗೆ ಹೊಸದಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ ಸಮೀಪದ ಪಿಕಳಿಹಾಳದಲ್ಲಿ ಬಂಡೆಗಳ ಮೇಲೆ ಬಣ್ಣದಿಂದ ಬರೆದ ಮತ್ತು ಕಲ್ಲಿನಿಂದ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. 1950ರ ದಶಕದಲ್ಲಿ ಇಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ ಅವರ ವರದಿ 1960ರಲ್ಲಿ ಪ್ರಕಟವಾಯಿತು. ನವಶಿಲಾಯುಗದ ಪದರಗಳಲ್ಲಿ ಹಿಣಿಲುಳ್ಳ ದನಗಳ ಮಣ್ಣಿನ ಗೊಂಬೆಗಳೂ ದೊರೆತಿವೆ. ದಕ್ಷಿಣ ಭಾರತದ ನವಶಿಲಾಯುಗವನ್ನು ಸ್ಥೂಲವಾಗಿ ಕ್ರಿ.ಪೂ. 3000ರಿಂದ 1200ರವರೆಗೆ ಎಂದು ಗುರುತಿಸಲಾಗಿದ್ದು, ಆ ಕಾಲದ ಜನ ಮುಖ್ಯವಾಗಿ ದನಗಾಹಿಗಳಾಗಿದ್ದರು. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂದ ಮಸ್ಕಿಯಲ್ಲಿಯೂ 1954ರ ಉತ್ಖನನದಲ್ಲಿ ಬಿ. ಕೆ. ಥಾಪರ್ ಅವರು ಪ್ರಾಗೈತಿಹಾಸಿಕ ನೆಲೆಯ ಪದರಗಳನ್ನು ಗುರುತಿಸಿದರು.

ಈ ಪ್ರಾಚೀನ ಗೊಂಬೆಗಳಿಂದ ಇಂದಿನ ಹಬ್ಬಕ್ಕೆ ನೇರ ಪರಂಪರೆಯಿದೆ ಎನ್ನಲು ಆಧಾರ ಸಾಲದು. ಆದರೆ ದನವನ್ನು ನಂಬಿ ಬದುಕಿದ ಜನ ತಮ್ಮ ಕಾಲಡಿಯ ಮಣ್ಣು ಕಲ್ಲುಗಳಲ್ಲಿಯೇ ಅದರ ರೂಪವನ್ನು ಕಂಡರೆಂಬುದು ಎರಡಕ್ಕೂ ಸಮಾನವಾದ ಸಂಗತಿ.

ಬದಲಾವಣೆಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಸಿಂಧನೂರು ಭಾಗ ಭತ್ತದ ಪ್ರದೇಶವಾಗಿ ಮಾರ್ಪಟ್ಟಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಬೇಸಾಯ ಕಡಿಮೆಯಾಯಿತು. ಎರೆಭೂಮಿಯ ಭಾರವಾದ ಉಳುಮೆಗೆ ಹೆಸರಾದ ಕೃಷ್ಣಾ ಕಣಿವೆ ತಳಿಯ ದನಗಳೂ ವಿರಳವಾಗಿವೆ. ಕೊಟ್ಟಿಗೆಯಲ್ಲಿ ಎತ್ತಿಲ್ಲದ ಮನೆಯ ಮಗುವಿಗೆ ಅದರ ಹಿಣಿಲು, ಕೋಡುಗಳನ್ನು ಗಮನಿಸುವ ಸಂದರ್ಭ ಮಣ್ಣೆತ್ತನ್ನು ಮಾಡುವಾಗ ಮಾತ್ರ ಒದಗುವುದುಂಟು. ಆ ಮಣ್ಣೆತ್ತನ್ನೂ ಪೇಟೆಯಿಂದ ಕೊಂಡು ತಂದರೆ ಪೂಜೆ ಉಳಿದರೂ ಈ ಪರಿಚಯ ಉಳಿಯುವುದಿಲ್ಲ.

ಅಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಬಳಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಮತ್ತೊಂದು ಸಮಸ್ಯೆ. ಜಿಪ್ಸಮನ್ನು ಕಾಯಿಸಿ ತಯಾರಿಸುವ ಈ ಪುಡಿ ನೀರು ಬೆರೆತೊಡನೆ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ. ಹಸಿ ಮಣ್ಣಿನಂತೆ ನೀರಿನಲ್ಲಿ ಕದಡಿ ಹೋಗುವುದಿಲ್ಲ. ರಾಸಾಯನಿಕ ಬಣ್ಣಗಳು ಜಲಮೂಲವನ್ನು ಕೆಡಿಸುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೂರ್ತಿ ವಿಸರ್ಜನೆ ಕುರಿತು 2010ರಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು 2020ರಲ್ಲಿ ಪರಿಷ್ಕರಿಸಿ, ನೈಸರ್ಗಿಕ ಜೇಡಿಮಣ್ಣಿನ ಮೂರ್ತಿಗಳನ್ನು ಉತ್ತೇಜಿಸಿತು.

ಶೈಕ್ಷಣಿಕ ಮಹತ್ವ

ಕೃಷಿ, ಕಲೆ ಮತ್ತು ಹಬ್ಬವನ್ನು ಕೂಡಿಸುವ ಪ್ರಯತ್ನಗಳು ಬೇರೆಡೆಯೂ ನಡೆದಿವೆ. ರವೀಂದ್ರನಾಥ ಟ್ಯಾಗೋರರು 1928ರಲ್ಲಿ ಶಾಂತಿನಿಕೇತನದಲ್ಲಿ ವೃಕ್ಷಾರೋಪಣ, ಶ್ರೀನಿಕೇತನದಲ್ಲಿ ಹಲಕರ್ಷಣ ಎಂಬ ಉಳುಮೆಯ ಉತ್ಸವವನ್ನು ಆರಂಭಿಸಿದರು. ಹಲಕರ್ಷಣವನ್ನು ಕಲಾವಿದ ನಂದಲಾಲ್ ಬೋಸ್ ಭಿತ್ತಿಚಿತ್ರವಾಗಿ ರಚಿಸಿದರು. ಇಂಗ್ಲೆಂಡಿನ ಡರ್ಬಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ನಿಸರ್ಗದೊಂದಿಗೆ ಬಾಂಧವ್ಯ ಬೆಳೆಸುವ ಐದು ಮಾರ್ಗಗಳನ್ನು ಹೆಸರಿಸಿದೆ: ಇಂದ್ರಿಯಾನುಭವ, ಭಾವನೆ, ಸೌಂದರ್ಯ, ಅರ್ಥ ಮತ್ತು ಕರುಣೆ. ನಿಸರ್ಗದ ಬಗೆಗಿನ ಮಾಹಿತಿಯಷ್ಟೇ ಈ ಬಾಂಧವ್ಯಕ್ಕೆ ಸಾಲದು ಎಂಬುದು ಇದರ ಸಾರ. ಮಣ್ಣು ಮುಟ್ಟುವುದು, ಎತ್ತನ್ನು ಸಿಂಗರಿಸುವುದು, ಕುಂಟೆತ್ತಿಗಾಗಿ ಬೇಡುವುದು ಮೊದಲಾದ ಕ್ರಿಯೆಗಳಲ್ಲಿ ಈ ಅಂಶಗಳನ್ನು ಗುರುತಿಸಬಹುದು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಕಲಾ ಸಮನ್ವಿತ ಕಲಿಕೆಯನ್ನು ಶಿಫಾರಸು ಮಾಡಿದ್ದು, 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಕುಂಬಾರರು, ಬಡಗಿಗಳು, ಕಲಾವಿದರು ಮೊದಲಾದ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂದು ಸೂಚಿಸಿದೆ. ಬೇಸಿಗೆ ರಜೆ ಮುಗಿದು ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಯು ಇದಕ್ಕೆ ಅನುಕೂಲವಾದ ಸಂದರ್ಭ. ಬೇಕಾಗುವ ಸಾಮಗ್ರಿ ಊರಿನ ಮಣ್ಣು, ನೀರು ಮತ್ತು ನಾಲ್ಕು ಕಾಳು ಜೋಳ ಮಾತ್ರ.